ಅಪರೂಪದ ಮೋಹ: ಚಿತ್ರಸಂಗ್ರಹವೂ ಪರಿಗ್ರಹವೇ

ಕಳೆದ ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಮೈಸೂರಿನಲ್ಲಿ ಉತ್ತಮ ಆಕಿಂಚನ್ಯ ಧರ್ಮದ ಮೇಲೆ ಪ್ರವಚನ ಕೇಳಿ, ಅಲ್ಲಿಂದ ನೇರವಾಗಿ ನನ್ನ ಸೋದರಳಿಯನ ಮನೆಗೆ ಹೋದೆನು. ಆತನು ಬುದ್ಧಿವಂತ, ವ್ಯಾಪಾರದಲ್ಲಿ ಪ್ರಾಮಾಣಿಕ, ರಾತ್ರಿ ಊಟ ಮಾಡದವನು, ಬಸದಿಗೆ ಕೈಯೆತ್ತಿ ಕೊಡುವವನು. ಊಟವಾದ ಮೇಲೆ ನನ್ನನ್ನು ಮಹಡಿಯ ಮೇಲಿನ ಒಂದು ಕೊಠಡಿಗೆ ಕರೆದೊಯ್ದನು. ಹಗಲಿರುಳು ಏರ್ ಕಂಡೀಷನರ್ ಓಡುವ ಆ ಕೊಠಡಿಯಲ್ಲಿ ನೆಲದಿಂದ ಛಾವಣಿಯವರೆಗೆ ಕಪಾಟುಗಳು. ಅವುಗಳಲ್ಲಿ ಸಿನಿಮಾ ಡಿಸ್ಕುಗಳು, ವಿಡಿಯೋ ಕ್ಯಾಸೆಟ್ಟುಗಳು, ಕೆಳಗಿನ ಸಾಲಿನಲ್ಲಿ ಹದಿನಾರು ಮಿಲಿಮೀಟರಿನ ರೀಲುಗಳನ್ನಿಟ್ಟ ತಗಡಿನ ಡಬ್ಬಿಗಳು. ಜನಪ್ರಿಯ ಚಿತ್ರ ಒಂದೂ ಇಲ್ಲ. ಎಲ್ಲವೂ ಜನ ಮರೆತ ಚಿತ್ರಗಳು. ಮಾತು ಕಡಿಮೆ, ಮೌನ ಹೆಚ್ಚು. ಘಟನೆಗಿಂತ ಮಳೆ, ಮಂಜು, ಮುಸ್ಸಂಜೆ, ಪಾಳುಮನೆಗಳೇ ಪ್ರಧಾನ.

“ಮಾವ, ಇದರಲ್ಲಿ ನಾಲ್ಕು ಚಿತ್ರಗಳ ಪ್ರತಿ ನನ್ನ ಹೊರತು ಬೇರೆ ಯಾರ ಹತ್ತಿರವೂ ಇರಲಾರದು” ಎಂದನು. ನಾನು ಕೇಳಿದೆನು: “ಇವುಗಳಲ್ಲಿ ನೀನು ನೋಡಿರುವುದೆಷ್ಟಪ್ಪ?” ಆತನು ನಕ್ಕು, “ಅರ್ಧದಷ್ಟೂ ಇಲ್ಲ. ನೋಡುವುದಕ್ಕೆ ಪುರುಸೊತ್ತೆಲ್ಲಿದೆ?” ಎಂದನು.

ಇಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆತನು ನಮ್ಮ ಕಡೆಯ ಒಂದು ಬಸದಿಯ ಟ್ರಸ್ಟಿಗೆ ಪತ್ರ ಬರೆದಿದ್ದಾನೆ. ಈ ಸಂಗ್ರಹವನ್ನು ಶಾಸ್ತ್ರದಾನವೆಂದು ಭಾವಿಸಿ, ಸಭಾಭವನದ ಮೇಲಿನ ಕೊಠಡಿಯನ್ನು ಇದಕ್ಕಾಗಿ ಬಿಟ್ಟುಕೊಡಬೇಕು; ಕೊಠಡಿಯ ಬೀಗದ ಕೈ ತನ್ನಲ್ಲಿಯೇ ಇರಬೇಕು ಎಂಬುದು ಪತ್ರದ ಸಾರಾಂಶ. ಆ ಕೊಠಡಿಯಲ್ಲಿ ಈಗ ಭಾನುವಾರದ ಮಕ್ಕಳ ಪಾಠಶಾಲೆ ನಡೆಯುತ್ತಿದೆ. ಟ್ರಸ್ಟಿನ ಕೆಲವು ಸದಸ್ಯರು ‘ಸಂಸ್ಕೃತಿ ರಕ್ಷಣೆ’ ಎಂಬ ಮಾತಿಗೆ ಒಲಿದಿದ್ದಾರೆ. ಆದ್ದರಿಂದ ಇದನ್ನು ಸಮಾಜದ ಮುಂದಿಟ್ಟು ವಿಚಾರ ಮಾಡುವುದು ಅವಶ್ಯಕವಾಗಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಾನು ಸಿನಿಮಾದ ವೈರಿಯಲ್ಲ. ಇಂತಹ ಚಿತ್ರಗಳ ಬೆಲೆ ತಿಳಿಯದವನೂ ಅಲ್ಲ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಚಿತ್ರವು ಸೆನ್ಸಾರಿನ ಅಡ್ಡಿಯನ್ನು ದಾಟಿ ಬಂದು ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಮನ್ನಣೆಯನ್ನು ಪಡೆಯಿತು. 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ ಅದೇ ಮನ್ನಣೆಯನ್ನು ಗಳಿಸಿದವು. ವಿಧವೆಯೊಬ್ಬಳನ್ನು ಬದುಕಿರುವಾಗಲೇ ಸತ್ತವಳೆಂದು ಸಾರಿ ಹೊರಹಾಕುವ ಕ್ರೌರ್ಯವನ್ನು ಒಬ್ಬ ಹುಡುಗನ ಕಣ್ಣಿನಿಂದ ತೋರಿಸಿದ ಗಿರೀಶ ಕಾಸರವಳ್ಳಿಯವರ ಚಿತ್ರವು ಅಹಿಂಸೆಯ ಮೇಲಿನ ಹಲವು ಭಾಷಣಗಳಿಗಿಂತ ಮಿಗಿಲಾದುದು. ಇವುಗಳನ್ನು ನೋಡಬೇಕು. ನನ್ನ ಆಕ್ಷೇಪವಿರುವುದು ನೋಡುವುದರ ಮೇಲಲ್ಲ, ನೋಡದೆ ಕೂಡಿಡುವುದರ ಮೇಲೆ.

ಸಂಗ್ರಾಹಕನನ್ನು ಈ ಬಗೆಯ ಚಿತ್ರಗಳು ಏಕೆ ಸೆಳೆಯುತ್ತವೆ? ಕಥೆಯುಳ್ಳ ಚಿತ್ರವನ್ನು ನಾಲ್ಕು ಜನರಿಗೆ ಹೇಳಬಹುದು. ಹೇಳಿದೊಡನೆ ಅದು ನಾಲ್ವರದಾಗುತ್ತದೆ. ಮೌನ ಮತ್ತು ಮಳೆಯ ಚಿತ್ರವನ್ನು ಹೇಳಲು ಬರುವುದಿಲ್ಲ, ನೋಡಿಯೇ ತೀರಬೇಕು. ನೋಡಬೇಕಾದರೆ ಪ್ರತಿಯುಳ್ಳವನ ಬಾಗಿಲಿಗೇ ಹೋಗಬೇಕು. ಹೀಗೆ ಆ ಚಿತ್ರದ ಭಾವವೇ ಒಬ್ಬನ ಸ್ವತ್ತಾಗಿಬಿಡುತ್ತದೆ. ಅದರ ಜೊತೆಗೆ, ಅರ್ಥವು ಮಬ್ಬಾಗಿದ್ದಷ್ಟೂ ಅರಿತವನೆಂಬ ಹೆಮ್ಮೆ ಹೆಚ್ಚು. ಸಮಂತಭದ್ರ ಸ್ವಾಮಿಗಳು ಹೇಳಿದ ಎಂಟು ಮದಗಳಲ್ಲಿ ಮೊದಲನೆಯದು ಜ್ಞಾನಮದ. ಧನಮದವನ್ನು ಜನ ಗುರುತಿಸಿ ನಗುತ್ತಾರೆ. ಜ್ಞಾನಮದಕ್ಕೆ ಶಾಲು ಹೊದಿಸುತ್ತಾರೆ.

ನನ್ನ ಅಳಿಯನದು ಇನ್ನೊಂದು ವಾದ: “ಈ ಚಿತ್ರಗಳನ್ನು ನೋಡುವಾಗ ಮನಸ್ಸು ಸಾಮಾಯಿಕದಲ್ಲಿ ಕುಳಿತಂತೆ ಶಾಂತವಾಗುತ್ತದೆ.” ಇದು ಒಪ್ಪತಕ್ಕ ಮಾತಲ್ಲ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮೊದಲಾದವನ್ನು ನಮ್ಮ ಆಚಾರ್ಯರು ನೋಕಷಾಯಗಳೆಂದರು. ಇತರರ ಶೋಕವನ್ನು ತೆಳುವಾದ ಬೆಳಕಿನಲ್ಲಿ ತೋರಿಸಿದಾಗ ಅದರಲ್ಲಿ ಹಿತವನ್ನು ಪಡೆಯುವುದು ಶೋಕದ ಮೇಲಿನ ರತಿಯೇ ಹೊರತು ಸಮತೆಯಲ್ಲ. ಸಾಮಾಯಿಕದಿಂದ ಎದ್ದವನಿಗೆ ಬೇಕೆನ್ನುವುದು ಕಡಿಮೆಯಾಗಿರಬೇಕು. ಚಿತ್ರ ಮುಗಿಸಿ ಎದ್ದವನು ಅದೇ ನಿರ್ದೇಶಕನ ಇನ್ನೊಂದು ಚಿತ್ರಕ್ಕೆ ಹುಡುಕಾಟ ನಡೆಸಿದರೆ, ಆತನಲ್ಲಿ ಕಡಿಮೆಯಾದುದೇನು?

ಈ ವಿಷಯದಲ್ಲಿ ನಮಗೆ ನೀಲಾಂಜನೆಯ ಪ್ರಸಂಗಕ್ಕಿಂತ ದೊಡ್ಡ ಪಾಠವಿಲ್ಲ. ಪಂಪನ ‘ಆದಿಪುರಾಣ’ವನ್ನು ಓದಿದ ಪ್ರತಿಯೊಂದು ಮನೆಯೂ ಇದನ್ನು ಬಲ್ಲುದು. ವೃಷಭನಾಥನ ಸಭೆಯಲ್ಲಿ ನರ್ತಿಸುತ್ತಿದ್ದಂತೆಯೇ ನೀಲಾಂಜನೆಯ ಆಯುಷ್ಯ ತೀರಿತು. ರಸಭಂಗವಾಗಬಾರದೆಂದು ಇಂದ್ರನು ತಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಸೃಷ್ಟಿಸಿದನು. ನೃತ್ಯ ಮುಂದುವರಿಯಿತು, ಸಭೆ ಏನನ್ನೂ ಅರಿಯದೆ ನೋಡುತ್ತಲೇ ಇತ್ತು. ವೃಷಭನಾಥನೊಬ್ಬನಿಗೆ ಮಾತ್ರ ಮೊದಲಿನವಳು ಇಲ್ಲವೆಂಬುದು ತಿಳಿಯಿತು, ವೈರಾಗ್ಯ ಹುಟ್ಟಿತು.

ಗಮನಿಸಬೇಕಾದ ಅಂಶವಿದು: ಇಂದ್ರನು ಮಾಡಿದ್ದು ಒಂದು ಪ್ರತಿಯನ್ನು. ಕಣ್ಣಿಗೆ ಮೂಲಕ್ಕೂ ಅದಕ್ಕೂ ಭೇದವಿಲ್ಲದ, ದೋಷವಿಲ್ಲದ ಪ್ರತಿ. ಸಭೆಗೆ ಆ ಪ್ರತಿಯೇ ಸಾಕಾಯಿತು. ಸರಿಯಾಗಿ ನೋಡಿದವನು ಮಾತ್ರ ಅಳಿದುದನ್ನು ಅಳಿದುದೆಂದು ಕಂಡನು. ಸಿಂಹಾಸನವನ್ನು ಬಿಟ್ಟು ಎದ್ದನು. ಒಂದು ಚಿತ್ರದಲ್ಲಿ ಹಳೆಯ ಮನೆಯ ಕತ್ತಲೆ, ಆರುವ ದೀಪ, ಹೋದವರ ಹೆಜ್ಜೆ ಇವುಗಳನ್ನು ಕಂಡು ಯಾರ ಎದೆಯಾದರೂ ನಡುಗಿದರೆ ಒಳ್ಳೆಯದೇ. ಆ ನಡುಕದಿಂದ ಒಂದು ಬಿಡಿಗಾಸಿನ ಮೇಲಿನ ಮೋಹವಾದರೂ ಸಡಿಲವಾಗಬೇಕಲ್ಲವೆ? ನಶ್ವರತೆಯನ್ನು ತೋರಿಸುವ ಚಿತ್ರವನ್ನೇ ನಶಿಸದಂತೆ ಬೀಗ ಹಾಕಿ ಇಡುವವನು ಇಂದ್ರಸಭೆಯಲ್ಲಿ ಕುಳಿತವನೇ ಸರಿ.

ಇನ್ನು ಶಾಸ್ತ್ರದ ಮಾತು. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಿಂದ ಅಳೆಯಲಿಲ್ಲ, ಮೂರ್ಛೆಯಿಂದ ಅಳೆದರು. ‘ನನ್ನದು’ ಎಂಬ ಭಾವವೇ ಆ ಮೂರ್ಛೆ. ಆದ್ದರಿಂದ “ಇದು ಬಂಗಾರವಲ್ಲ, ನೆಲವಲ್ಲ, ಕೇವಲ ಸಿನಿಮಾ” ಎಂಬ ಸಮಾಧಾನ ನಿಲ್ಲುವುದಿಲ್ಲ. ಪರಿಗ್ರಹ ಪರಿಮಾಣಾಣುವ್ರತಕ್ಕೆ ‘ರತ್ನಕರಂಡಕ ಶ್ರಾವಕಾಚಾರ’ವು ಹೇಳುವ ಐದು ಅತಿಚಾರಗಳಲ್ಲಿ ಅತಿವಾಹನ, ಅತಿಭಾರವಾಹನ ಎಂಬೆರಡನ್ನು ಬಿಡೋಣ. ಉಳಿದ ಮೂರು ಅತಿಸಂಗ್ರಹ, ವಿಸ್ಮಯ ಮತ್ತು ಲೋಭ. ಅತಿಸಂಗ್ರಹವೆಂದರೆ ಬಳಕೆಗೆ ಮೀರಿ, ಮುಂದೆ ಬೆಲೆ ಬರಲೆಂದು ಕೂಡಿಡುವುದು. ವಿಸ್ಮಯವೆಂದರೆ ಇನ್ನೊಬ್ಬನ ಲಾಭವನ್ನು ಕಂಡು ಮನಸ್ಸು ಕಲಕುವುದು. ಲೋಭವೆಂದರೆ ತಕ್ಕಷ್ಟು ದೊರೆತ ಮೇಲೂ ಇನ್ನಷ್ಟು ಬೇಕೆನ್ನುವುದು. ದಿನಸಿ ಮಂಡಿಯಲ್ಲಿ ನಲವತ್ತು ವರ್ಷ ಕುಳಿತ ನನಗೆ ಈ ಮೂರರ ಪರಿಚಯ ಚೆನ್ನಾಗಿದೆ. ಮೆಣಸಿನಕಾಯಿ ದಾಸ್ತಾನು ಮಾಡಿ ಅಭಾವಕ್ಕಾಗಿ ಕಾಯುವವನಿಗೂ, ಒಂದು ಚಿತ್ರದ ಬೇರೆ ಪ್ರತಿಗಳೆಲ್ಲ ಹಾಳಾದವೆಂದು ಕೇಳಿ ಒಳಗೊಳಗೇ ಸಂತೋಷಪಡುವವನಿಗೂ ಏನು ಅಂತರ? ಮೊದಲನೆಯವನನ್ನು ಸರ್ಕಾರವಾದರೂ ಹಿಡಿಯುತ್ತದೆ.

ನಮ್ಮ ವ್ಯಾಪಾರಿಗಳು ಮರೆಯಬಾರದ ಇನ್ನೊಂದು ವ್ರತ ಅಚೌರ್ಯ. ಕದ್ದು ತಂದ ವಸ್ತುವನ್ನು ಕೊಳ್ಳುವುದೂ, ಅಸಲಿನಂತೆ ನಕಲನ್ನು ಮಾಡಿ ವ್ಯವಹರಿಸುವುದೂ ಅದರ ಅತಿಚಾರಗಳು. ಹಳೆಯ ರೀಲು ಯಾವ ಗೋದಾಮಿನಿಂದ ಬಂತು, ಅಪರೂಪದ ಡಿಸ್ಕನ್ನು ಯಾರ ಅನುಮತಿಯಿಂದ ಒತ್ತಿದರು ಎಂಬುದನ್ನು ಕೇಳದೆ ಹಣ ಎಣಿಸುವವನು ಅಂಗಡಿಯಲ್ಲಿ ತೂಕ ಸರಿಯಾಗಿಟ್ಟುಕೊಂಡ ಮಾತ್ರಕ್ಕೆ ನಿರ್ದೋಷಿಯಾಗುವುದಿಲ್ಲ.

ರೀಲುಗಳ ವಿಷಯದಲ್ಲಿ ಟ್ರಸ್ಟಿನವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಫಿಲಂ ಪಟ್ಟಿಯ ಮೇಲೆ ಬೆಳ್ಳಿಯ ಲವಣಗಳನ್ನು ಹಿಡಿದಿಡುವ ಲೇಪವು ಜೆಲಾಟಿನ್ನಿನದು. ಜೆಲಾಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆಯುವ ವಸ್ತು. ಹದಿನಾರು ಮಿಲಿಮೀಟರ್ ಫಿಲಂ ನಿಮಿಷಕ್ಕೆ 36 ಅಡಿ, ಮೂವತ್ತೈದು ಮಿಲಿಮೀಟರ್ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ಗಂಟೆಯ ಚಿತ್ರವೆಂದರೆ ಮೊದಲನೆಯದರಲ್ಲಿ 4,320 ಅಡಿ, ಎರಡನೆಯದರಲ್ಲಿ 10,800 ಅಡಿ. ಜೆಲಾಟಿನ್ ಇದೆಯೆಂದು ಮಾತ್ರೆಯ ಕ್ಯಾಪ್ಸೂಲನ್ನೂ ಮಕ್ಕಳ ಮಿಠಾಯಿಯನ್ನೂ ವರ್ಜಿಸುವ ನಾವು, ಅದೇ ಲೇಪದ ಸಾವಿರಾರು ಅಡಿಗಳನ್ನು ಬಸದಿಯ ಆವರಣಕ್ಕೆ ದಾನವೆಂದು ಬರಮಾಡಿಕೊಳ್ಳುವುದೆ? ಅಂದು ಚಿತ್ರ ತೆಗೆದವರಿಗೆ ಬೇರೆ ಸಾಧನವಿರಲಿಲ್ಲ. ಅವರನ್ನು ನಾನು ದೂಷಿಸುವುದಿಲ್ಲ. ಇಂದು ತರುವುದೋ ಬಿಡುವುದೋ ಎಂಬುದು ನಮ್ಮ ಕೈಯಲ್ಲಿದೆ.

“ಹಾಗಾದರೆ ಚಿತ್ರಗಳು ನಾಶವಾಗಲೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. 1934ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಬೆಳ್ಳಿಯನ್ನು ತೆಗೆಯಲೆಂದು ಹಳೆಯ ರೀಲುಗಳನ್ನು ಗುಜರಿಗೆ ಹಾಕಿದ ಕಾಲವೂ ಈ ದೇಶದಲ್ಲಿತ್ತು. ಅಂತಹ ಕಾಲದಲ್ಲಿ ಯಾವನೋ ಒಬ್ಬ ಮೋಹಿಯು ಬಚ್ಚಿಟ್ಟದ್ದರಿಂದ ಒಂದೆರಡು ಚಿತ್ರಗಳು ಉಳಿದಿರಬಹುದು. ಇದನ್ನು ನಾನು ಒಪ್ಪುತ್ತೇನೆ. ಆದರೆ ಉಳಿದದ್ದು ಬಚ್ಚಿಟ್ಟಲ್ಲಿಂದ ಹೊರಬಂದ ದಿನವೇ ಹೊರತು ಬಚ್ಚಿಟ್ಟ ದಿನವಲ್ಲ. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂದಾಗಿ, ಹೊರದೇಶದ ಸಂಸ್ಥೆಗಳ ನೆರವಿನಿಂದ ಅದನ್ನು ಪುನರುಜ್ಜೀವಿಸಿತು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ತಂಪು, ಶುಷ್ಕತೆ, ತಜ್ಞರು ಇಲ್ಲದ ಮನೆಯ ಕೊಠಡಿಯಲ್ಲಿ ಅಸಿಟೇಟ್ ಫಿಲಂ ಹುಳಿಯತೊಡಗುತ್ತದೆ. ಡಬ್ಬಿ ತೆರೆದರೆ ವಿನಿಗರಿನ ವಾಸನೆ. ಒಂದು ಡಬ್ಬಿಯ ಹುಳಿ ಪಕ್ಕದ ಡಬ್ಬಿಗೂ ಹತ್ತುತ್ತದೆ. ರಕ್ಷಣೆಯ ಹೆಸರಿನ ಇಂತಹ ಕೊಠಡಿ ಅನೇಕ ವೇಳೆ ಚಿತ್ರದ ಸ್ಮಶಾನವೇ ಆಗಿಬಿಡುತ್ತದೆ.

ಈ ದೋಷ ಸಿನಿಮಾದವರದು ಮಾತ್ರವೆಂದು ನಾವು ಹೆಮ್ಮೆಪಡಬೇಕಾಗಿಲ್ಲ. ಷಟ್ಖಂಡಾಗಮದ ‘ಧವಲಾ’ ಟೀಕೆಯ ತಾಳೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಇದ್ದವು. ಯಾತ್ರಿಕರು ಅವುಗಳ ದರ್ಶನ ಪಡೆದರು, ಕೈಮುಗಿದರು, ಕಾಣಿಕೆಯಿಟ್ಟರು, ಓದಿದವರಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸಕ್ಕೆ ಕೈಹಾಕಿದಾಗಲೂ ಪ್ರತಿ ಹೊರಗೆ ಹೋಗಬಾರದೆಂಬ ಕಟ್ಟುಪಾಡು. ಅಂತೂ 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಹೊರಬಂದಿತು, ಹದಿನಾರು ಸಂಪುಟಗಳಾದವು. ಇಂದು ಅದು ಅಪರೂಪವಲ್ಲ. ಅಪರೂಪವಲ್ಲವೆಂದು ಅದರ ಮಹಿಮೆ ಕಡಿಮೆಯಾಯಿತೆ? ಜಿನವಾಣಿಯು ಜೀವಿಸಿದ್ದು ಪೆಟ್ಟಿಗೆಯಲ್ಲಲ್ಲ, ಓದುಗರಲ್ಲಿ.

ಇದಕ್ಕೂ ಸಾವಿರ ವರ್ಷ ಹಿಂದೆಯೇ ದಾನಚಿಂತಾಮಣಿ ಅತ್ತಿಮಬ್ಬೆ ದಾರಿ ತೋರಿಸಿದ್ದಳು. ಪೊನ್ನನ ‘ಶಾಂತಿಪುರಾಣ’ವನ್ನು ಆ ತಾಯಿ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದೇ ಪ್ರತಿಯನ್ನು ರತ್ನದ ಸಂಪುಟದಲ್ಲಿಟ್ಟುಕೊಳ್ಳುವ ಸಂಪತ್ತು ಅವಳಲ್ಲಿರಲಿಲ್ಲವೆ? ಶಾಸ್ತ್ರದಾನವೆಂಬುದರ ಅರ್ಥ ಅಪರೂಪವಾದುದನ್ನು ಅಪರೂಪವಲ್ಲದಂತೆ ಮಾಡುವುದು. ಬೀಗದ ಕೈಯನ್ನು ದಾನಿಯೇ ಇಟ್ಟುಕೊಳ್ಳುವ ದಾನವು ಯಾವ ಶ್ರಾವಕಾಚಾರದಲ್ಲಿಯೂ ಇಲ್ಲ. ಅದಕ್ಕೆ ಬಾಡಿಗೆಯಿಲ್ಲದ ಗೋದಾಮು ಎಂದು ಹೆಸರು.

ಇಷ್ಟು ಕಟುವಾಗಿ ಬರೆಯುವ ಅಧಿಕಾರ ನನಗೆಲ್ಲಿಂದ ಬಂತೆಂದು ಓದುಗರು ಕೇಳಬಹುದು. ನಾನೂ ಈ ರೋಗವನ್ನು ಅನುಭವಿಸಿದವನೆಂಬುದೇ ನನ್ನ ಅಧಿಕಾರ. 1980ರ ದಶಕದ ಕೊನೆಯಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಪಡೆದ ಚಿತ್ರಗಳನ್ನು ತೋರಿಸುತ್ತಿತ್ತು. ಅಂಗಡಿಯ ಲಾಭದಲ್ಲಿ ವಿಸಿಆರ್ ಕೊಂಡು ಅವುಗಳನ್ನು ಮುದ್ರಿಸಿಕೊಳ್ಳತೊಡಗಿದೆನು. ಭೂಮಿಯಿಲ್ಲದ ದುಡಿಮೆಗಾರನೊಬ್ಬನ ಕಥೆಯ ಚಿತ್ರ ಅವುಗಳಲ್ಲಿ ಒಂದು. ಕಾಡಂಚಿನ ಆಶ್ರಮ ಶಾಲೆಯೊಂದರ ಮೇಷ್ಟ್ರು ನಮ್ಮ ಅಂಗಡಿಗೆ ಬರುತ್ತಿದ್ದರು. “ಶೆಟ್ಟರೇ, ಆ ಕ್ಯಾಸೆಟ್ಟನ್ನು ಒಂದು ದಿನದ ಮಟ್ಟಿಗೆ ಕೊಡಿ. ನಮ್ಮ ಮಕ್ಕಳಿಗೆ ತೋರಿಸಿ, ನಾನೇ ತಂದು ಕೊಡುತ್ತೇನೆ” ಎಂದು ಕೇಳಿದರು. ಟೇಪು ಸವೆಯುತ್ತದೆಯೆಂದು ಹೆದರಿ, ಊರಿನವರೊಬ್ಬರು ಒಯ್ದಿದ್ದಾರೆಂದು ಸುಳ್ಳು ಹೇಳಿದೆನು. ಅವರು ಇನ್ನೆರಡು ಸಲ ಕೇಳಿದರು. ಆಮೇಲೆ ಕೇಳಲಿಲ್ಲ.

ಆ ಕ್ಯಾಸೆಟ್ಟನ್ನು ನಾನೂ ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ತೆರೆದಾಗ ಟೇಪಿನ ಅಂಚಿನುದ್ದಕ್ಕೂ ಬಿಳಿಯ ಬೂಷ್ಟು ಹಿಡಿದಿತ್ತು. ವಿಸಿಆರಿಗೆ ಹಾಕಿದೊಡನೆ ಸಿಕ್ಕಿಕೊಂಡು ಹರಿಯಿತು. ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು. ಒಂದು ಪರಿಗ್ರಹಕ್ಕಾಗಿ ಸತ್ಯವ್ರತವನ್ನೂ ಮುರಿದೆನು. ಆ ಮಕ್ಕಳ ಒಂದು ಮಧ್ಯಾಹ್ನವನ್ನೂ ಕಸಿದೆನು. ಕೊನೆಗೆ ನನಗೂ ದಕ್ಕಲಿಲ್ಲ. ಪ್ರತಿ ಸಂವತ್ಸರದ ಕ್ಷಮಾವಣಿಯಂದು ನನಗೆ ಮೊದಲು ನೆನಪಾಗುವುದು ಆ ಮೇಷ್ಟ್ರ ಮುಖ.

ನಮ್ಮ ಸರಗೂರು ಸೀಮೆಗೆ ಈ ಪ್ರಶ್ನೆ ಬೇರೊಂದು ರೀತಿಯಲ್ಲಿಯೂ ಹತ್ತಿರದ್ದು. ಕಪಿಲೆಯ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ತಾನ್ ಕೋರ್ಡಾ ನಿರ್ದೇಶಿಸಿದ ‘ಎಲಿಫೆಂಟ್ ಬಾಯ್’ ಚಿತ್ರದಿಂದ 1937ರಲ್ಲಿ ಲೋಕಪ್ರಸಿದ್ಧನಾದನು. ಹೊರಾಂಗಣ ಚಿತ್ರೀಕರಣ ಮೈಸೂರು ಸಂಸ್ಥಾನದಲ್ಲಿ ನಡೆಯಿತು. ಖೆಡ್ಡಾದ ಕಾಕನಕೋಟೆ ಕಾಡು ಇಲ್ಲಿಯದೇ. 1971ರಲ್ಲಿ ಕೊನೆಯ ಖೆಡ್ಡಾ ನಡೆದು, ಮುಂದೆ ಕಬಿನಿ ಜಲಾಶಯದ ನೀರು ಆ ಕಡೆಯ ಹಳ್ಳಿಗಳನ್ನೂ ಕಾಡನ್ನೂ ಮುಳುಗಿಸಿತು. 1977ರಲ್ಲಿ ಸಿ. ಆರ್. ಸಿಂಹ ಅವರು ಮಾಸ್ತಿಯವರ ನಾಟಕವನ್ನು ಆಧರಿಸಿ ‘ಕಾಕನಕೋಟೆ’ ಚಿತ್ರವನ್ನು ಮಾಡಿದರು. ಕಾಡುಕುರುಬರ ನಾಯಕ ಕಾಚನಾಗಿ ಲೋಕೇಶ್ ನಟಿಸಿದರು, ಸಿ. ಅಶ್ವತ್ಥ್ ಸಂಗೀತ ನಿರ್ದೇಶಕರಾದ ಮೊದಲ ಚಿತ್ರವದು. ಹೊರಗಿನ ಸಂಗ್ರಾಹಕನಿಗೆ ಇವು ‘ಕಾಡಿನ ಗಾಢ ವಾತಾವರಣ’ದ ಅಪರೂಪದ ಸರಕು. ನಮ್ಮ ಹಾಡಿಗಳ ಜನರಿಗೆ ಅದು ಅಜ್ಜಂದಿರ ನೆಲ. ಆನೆಗಳಿಗೆ ಅದು ಹಳ್ಳಕ್ಕೂ ಬೇಲಿಗೂ ಸಿಕ್ಕಿ ಅರಚಿದ ಜಾಗ. ಆ ವಾತಾವರಣದ ಹಿಂದಿರುವ ಹಿಂಸೆ ಜೈನನ ಕಣ್ಣಿಗೆ ಬೀಳದಿದ್ದರೆ ಬೇರಾರ ಕಣ್ಣಿಗೆ ಬಿದ್ದೀತು? ಆದರೆ ಆ ಚಿತ್ರಗಳನ್ನು ಇಲ್ಲಿಯ ಮಕ್ಕಳು ನೋಡಿಲ್ಲ. ದೂರದ ನಗರದ ಕಪಾಟುಗಳಲ್ಲಿ ಅವು ‘ಸುರಕ್ಷಿತವಾಗಿ’ ಇವೆ.

ಕಷ್ಟದ ಚಿತ್ರಗಳನ್ನು ಸಾಮಾನ್ಯರು ನೋಡಲಾರರೆಂಬ ನೆಪವೂ ಬೇಡ. 1973ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ಜನರ ಮುಂದೆ ಓಡಿಸಿದರು. ಜನ ಕುಳಿತು ನೋಡಿದರು, ಚರ್ಚಿಸಿದರು. ಅವರಿಗೆ ಬೇಕಾಗಿದ್ದುದು ತೆರೆದ ಬಾಗಿಲು ಮಾತ್ರ.

ಆದುದರಿಂದ ಟ್ರಸ್ಟುಗಳಿಗೂ ಗೃಹಸ್ಥರಿಗೂ ನನ್ನ ವಿನಂತಿಗಳು ಇವು. ಪಾಠಶಾಲೆಯ ಕೊಠಡಿಯನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು. ಬೀಗದ ಕೈಯನ್ನು ಇಟ್ಟುಕೊಂಡು ಬರುವ ಯಾವ ದಾನವನ್ನೂ, ಅದು ಚಿತ್ರವಿರಲಿ ಪುಸ್ತಕವಿರಲಿ, ಸ್ವೀಕರಿಸಬಾರದು. ಪರಿಗ್ರಹ ಪರಿಮಾಣ ವ್ರತ ತೆಗೆದುಕೊಳ್ಳುವವರು ತಮ್ಮ ಪಟ್ಟಿಯಲ್ಲಿ ಹೊಲ, ಮನೆ, ಚಿನ್ನದ ಜೊತೆಗೆ ಸಂಗ್ರಹಗಳನ್ನೂ ಬರೆದು ಸಂಖ್ಯೆಯನ್ನು ನಿಗದಿಪಡಿಸಬೇಕು. ವರ್ಷವಿಡೀ ನೋಡದ ಚಿತ್ರವನ್ನು ನೋಡುವವರಿಗೆ ಕೊಡಬೇಕು. ಹಳೆಯ ರೀಲುಗಳಿದ್ದವರು ಅವುಗಳನ್ನು ಪುಣೆಯ ಸಂಗ್ರಹಾಲಯಕ್ಕೆ ಒಪ್ಪಿಸಲಿ. ಅಲ್ಲಿ ಅವುಗಳನ್ನು ಕಾಯುವ ವಿದ್ಯೆಯಿದೆ. ಸಭಾಭವನದಲ್ಲಿ ತಿಂಗಳಿಗೊಂದು ಚಿತ್ರವನ್ನು ಊರಿನ ಎಲ್ಲ ಜಾತಿಯವರಿಗೂ ಹಾಡಿಯ ಮಕ್ಕಳಿಗೂ ತೋರಿಸೋಣ. ಹಕ್ಕುದಾರರ ಅನುಮತಿ ಪಡೆದೇ ತೋರಿಸೋಣ. ಕಾನೂನಿನಂತೆ ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಅದು ತೀರಿದ ಹಳೆಯ ಚಿತ್ರಗಳಿಗೆ ಆ ತೊಡಕೂ ಇಲ್ಲ. ಪ್ರೊಜೆಕ್ಟರಿನ ಖರ್ಚಿನಲ್ಲಿ ನನ್ನ ಪಾಲನ್ನು ನಾನು ಕೊಡುತ್ತೇನೆ.

ನನ್ನ ಅಳಿಯನು ಈ ಪತ್ರಿಕೆಯ ಚಂದಾದಾರ. ಇದನ್ನು ಓದುತ್ತಾನೆ, ಸಿಟ್ಟೂ ಮಾಡಿಕೊಳ್ಳುತ್ತಾನೆ. ಮಾಡಿಕೊಳ್ಳಲಿ. ಸಿಟ್ಟು ಇಳಿದ ಮೇಲೆ ಆ ಕೊಠಡಿಯಿಂದ ಒಂದೇ ಒಂದು ಚಿತ್ರವನ್ನು ಆರಿಸಿಕೊಂಡು ಸರಗೂರಿಗೆ ಬರಲಿ. ಮೇಷ್ಟ್ರು ಇಲ್ಲ, ಅವರ ಶಾಲೆ ಇದೆ, ಶಾಲೆಯಲ್ಲಿ ಮಕ್ಕಳಿದ್ದಾರೆ. ಇಬ್ಬರೂ ಕೂಡಿ ಹೋಗಿ ತೋರಿಸಿ ಬರೋಣ.